ನಾಲ್ಕು ಸೂತಿನ ನಟ್ಟು

ಖಾಜಾ, ಆ ಜೀಪಿನ ಹಿಂದಿನ ಎಡಗಾಲಿ ಹಾಕಿದವನು ನಾನು. ನೀನಲ್ಲ. ಅಂದು ನೀನು ಕೇಳಿದಾಗ ‘ನೀನೇ’ ಎಂದೆ. ಅದು ಸುಳ್ಳು — ಗೊತ್ತಿದ್ದೂ ಹೇಳಿದ ಸುಳ್ಳು.

ಇಷ್ಟು ಬರೆಯಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಈಗ ಉಳಿದದ್ದನ್ನೂ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಏಕೆಂದರೆ ಇದನ್ನು ನೀನೊಬ್ಬನೇ ಓದಿದರೆ ಸಾಲದು, ನಮ್ಮಿಬ್ಬರನ್ನೂ ಬಲ್ಲ ಜನ ಓದಬೇಕು. ಅಂದು ಆ ಜನರ ಮುಂದೆಯೇ ಅಲ್ಲವೇ ನಾನು —

ಅಫಜಲಪುರದಲ್ಲಿ ನಾವಿಬ್ಬರೂ ಸೇರಿ ಗ್ಯಾರೇಜು ಹಾಕಿದ್ದೆವು. ಬರುತ್ತಿದ್ದ ಜನ ಅರ್ಧ ರಿಪೇರಿಗೆ, ಅರ್ಧ ನಮ್ಮ ಜಗಳ ಕೇಳಲಿಕ್ಕೆ. ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದು ನಿವೃತ್ತಿ ಪಡೆದು ಬಂದವನು. ಇಂಗ್ಲೆಂಡು, ಫ್ರಾನ್ಸಿನವರು ಮಾಡಿದ ಯುದ್ಧವಿಮಾನಗಳ ಹೊಟ್ಟೆಯೊಳಗೆ ಕೈಯಾಡಿಸಿದವನು. ಊರಿಗೆ ನಾನು ವಿಮಾನದ ರೇವಣಪ್ಪ. ನೀನು ಕುವೈತಿನಲ್ಲಿ ಶ್ರೀಮಂತ ಅರಬರ ಅಮೆರಿಕನ್ ಕಾರುಗಳನ್ನು ಬಿಚ್ಚಿ ಕೂಡಿಸಿ ಬಂದ ಕುವೈತ್ ಖಾಜಾ. ನನಗೆ ಯುರೋಪು, ನಿನಗೆ ಅಮೆರಿಕ. ಇಬ್ಬರೂ ಆ ದೇಶಗಳನ್ನು ಕಣ್ಣಿಂದ ಕಂಡವರಲ್ಲ, ಆದರೂ ಅಪ್ಪನ ಆಸ್ತಿಯೆಂಬಂತೆ ಕಾದಾಡುತ್ತಿದ್ದೆವು.

ನಿನ್ನ ವಾದ ಸರಳ. ಅಮೆರಿಕದವರಿಗೆ ಶಕ್ತಿ ಬೇಕೆನಿಸಿದರೆ ಎಂಜಿನ್ನನ್ನೇ ದೊಡ್ಡದು ಮಾಡುತ್ತಾರೆ. ಎಂಟು ಸಿಲಿಂಡರು, ಆಕ್ಸಿಲರೇಟರಿನ ಮೇಲೆ ಕಾಲಿಟ್ಟ ಕೂಡಲೇ ಎಳೆತ, ಕೆಟ್ಟರೆ ಬೀದಿಯಲ್ಲಿ ನಿಂತು ಬಿಚ್ಚಬಹುದು. ಅವರ ಫೈಟರ್ ವಿಮಾನಗಳೂ ಹಾಗೆಯೇ, ಎರಡು ದೈತ್ಯ ಎಂಜಿನ್ನು, ದೂರದ ಹಾರಾಟ, ಹೊಟ್ಟೆಯ ಕೆಳಗೆ ಮಣಗಟ್ಟಲೆ ಬಾಂಬು. ನಾನು ಹೇಳುತ್ತಿದ್ದೆ: ನೇರ ರಸ್ತೆಯಲ್ಲಿ ಯಾರು ಬೇಕಾದರೂ ಓಡುತ್ತಾರೆ, ತಿರುವು ಬಂದಾಗ ನೋಡು. ಯುರೋಪಿನವರು ಅರ್ಧ ಗಾತ್ರದ ಎಂಜಿನ್ನಿನಿಂದ ಅಷ್ಟೇ ಶಕ್ತಿ ಹಿಂಡಿ ತೆಗೆಯುತ್ತಾರೆ, ಕಾರಿನ ತೂಕ ಇಳಿಸುತ್ತಾರೆ, ಬ್ರೇಕಿನ ಮೇಲೆ ಎಂಜಿನ್ನಿನಷ್ಟೇ ತಲೆ ಕೆಡಿಸಿಕೊಳ್ಳುತ್ತಾರೆ. ಫ್ರಾನ್ಸಿನವರ ತ್ರಿಕೋನ ರೆಕ್ಕೆಯ ವಿಮಾನಕ್ಕೆ ಹಿಂದೆ ಬಾಲದ ರೆಕ್ಕೆಗಳೇ ಇಲ್ಲ, ಇರುವುದು ಒಂದೇ ಎಂಜಿನ್ನು, ಆದರೂ ಆಕಾಶದಲ್ಲಿ ಅದು ಮೈ ತಿರುಗಿಸುವುದನ್ನು ನೋಡಿದವನಿಗೆ ಬೇರೆ ಯಾವುದೂ ಹಿಡಿಸುವುದಿಲ್ಲ.

“ಬ್ಯಾಸಿಗ್ಯಾಗ ನಿಮ್ಮ ಬಿಲಾಯತಿ ವಿಮಾನ ಮ್ಯಾಲ ಏಳಬೇಕಂದ್ರ ಅಫಜಲಪುರದಿಂದ ಘತ್ತರಗಿ ತನಕ ರನ್‌ವೇ ಬೇಕಾಗ್ತದಲೇ ರೇವಣ್ಯಾ!” ಎನ್ನುತ್ತಿದ್ದೆ ನೀನು. ನಾನು ಬಿಡುತ್ತಿದ್ದೆನೇ? “ನಿಮ್ಮ ಅಮೆರಿಕಾದ ಗಾಡಿಗಿ ಎಣ್ಣಿ ಹಾಕೋದಕ್ಕಿಂತ ಪೆಟ್ರೋಲ್ ಬಂಕಿಗೇ ಗಾಲಿ ಹಚ್ಚೂದು ಚಲೋ.” ಜನ ನಗುತ್ತಿದ್ದರು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಬರೆಯುವ ಹಕ್ಕೂ ನನಗಿಲ್ಲವೇನೋ.

ನಿನ್ನ ಒಂದು ಮಾತು ಮಾತ್ರ ಆಗಲೂ ನನ್ನನ್ನು ಚುಚ್ಚಿತ್ತು. “ಅಮೆರಿಕಾದಾಂವ, ಮನಷ್ಯಾ ತಪ್ಪ ಮಾಡೇ ಮಾಡ್ತಾನಂತ ತಿಳದ ಮಷೀನ್ ಮಾಡ್ತಾನ. ನಿಮ್ಮ ಯುರೋಪಿನಾಂವ, ತಪ್ಪs ಮಾಡಂಗಿಲ್ಲಂತ ತಿಳದ ಮಾಡ್ತಾನ. ಅದಕ್ಕs ನೀ ಹಿಂಗಿದ್ದಿ ನೋಡು.” ಅಂದರೆ ನನ್ನ ಜಂಬಕ್ಕೆ ಹೇಳಿದ್ದು. ನಾನು ನಕ್ಕು, ಹೌದು, ನನ್ನ ಕೈ ತಪ್ಪುವುದಿಲ್ಲ ಎಂದಿದ್ದೆ. ಎಲ್ಲರ ಮುಂದೆ ಎಂದಿದ್ದೆ.

ಮೆಕ್ಯಾನಿಕ್ ಕೆಲಸ ತಿಳಿಯದವರಿಗೆ ಒಂದು ಮಾತು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಮಿಲಿಮೀಟರಿನ ಅಳತೆಗೆ ‘ನಂಬರ್’ ಎನ್ನುತ್ತಾರೆ, ಅದು ಯುರೋಪಿನ ಲೆಕ್ಕ. ಇಂಚಿನ ಎಂಟನೆಯ ಒಂದು ಭಾಗಕ್ಕೆ ‘ಸೂತು’. ನಾಲ್ಕು ಸೂತೆಂದರೆ ಅರ್ಧ ಇಂಚು, ಅದು ಅಮೆರಿಕದ ಲೆಕ್ಕ. ನಮ್ಮ ಗ್ಯಾರೇಜಿನಲ್ಲಿ ಗಾಲಿಯ ನಟ್ಟುಗಳಿಗೆ ಎರಡು ಡಬ್ಬಿ ಇದ್ದವು. ಸೂತಿನ ಡಬ್ಬಿ ನಿನ್ನದು, ನಂಬರಿನ ಡಬ್ಬಿ ನನ್ನದು. ನಟ್ಟುಗಳನ್ನೂ ನಾವು ಪಕ್ಷ ಮಾಡಿ ಹಂಚಿಕೊಂಡಿದ್ದೆವು.

ಅತನೂರಿನ ಮಲ್ಲಪ್ಪ ಬಾಡಿಗೆಗೆ ಓಡಿಸುತ್ತಿದ್ದ ಜೀಪಿನಲ್ಲಿ ಎರಡೂ ಪಕ್ಷ ಇದ್ದವು. ಮೈ ಹಳೆಯ ಅಮೆರಿಕನ್ ನಮೂನೆಯದು, ಡೀಸೆಲ್ ಎಂಜಿನ್ನು ಫ್ರಾನ್ಸಿನ ನಮೂನೆಯದು. ಮುಂದಿನ ಗಾಲಿ ಹಿಡಿಯುವ ಬೋಲ್ಟುಗಳು ಸೂತಿನವು. ಹಿಂದಿನ ಆಕ್ಸಲ್ ಬದಲಿಸಿದ್ದರಿಂದ ಅಲ್ಲಿ ಹನ್ನೆರಡು ನಂಬರಿನವು. ಅಂದು ಬ್ರೇಕ್ ಕೆಲಸಕ್ಕೆ ನಾಲ್ಕೂ ಗಾಲಿ ಬಿಚ್ಚಿದ್ದೆವು. ರಂಜಾನ್ ತಿಂಗಳು, ಉರಿಬಿಸಿಲು, ನೀನು ರೋಜಾ ಉಪವಾಸ ಇದ್ದೆ. ಮುಂದಿನ ಎರಡು ಗಾಲಿ ನೀನು ಹಾಕಿದೆ, ಹಿಂದಿನ ಬಲಗಡೆಯದೂ ನೀನೇ. ಎಡಗಡೆಯದು ನಾನು.

ಸಂಜೆಯಾಗಿತ್ತು. ಗೊಬ್ಬೂರಿನ ಕಡೆಯ ನಾಲ್ಕು ಜನ ನನ್ನ ಸುತ್ತ ಕೂತಿದ್ದರು. ಬಾಲವಿಲ್ಲದ ವಿಮಾನ ಇಳಿಯುವಾಗ ಮೂಗನ್ನು ಏಕೆ ಅಷ್ಟು ಮೇಲೆತ್ತುತ್ತದೆ ಎಂದು ನಾನು ಅವರಿಗೆ ವಿವರಿಸುತ್ತಿದ್ದೆ. ಕಣ್ಣು ಅವರ ಮೇಲೆ, ಕೈ ಡಬ್ಬಿಯಲ್ಲಿ. ಯಾವ ಡಬ್ಬಿ ಎಂದು ನೋಡಲಿಲ್ಲ. ನಾಲ್ಕು ಸೂತಿನ ನಟ್ಟು ಹನ್ನೆರಡು ನಂಬರಿನ ಬೋಲ್ಟಿಗೆ ಹೋಗುತ್ತದೆ, ಅದೇ ಅದರ ಮೋಸ. ಕೂದಲೆಳೆಯಷ್ಟು ದೊಡ್ಡದು. ತಿರುಗಿಸಲು ಎರಡಕ್ಕೂ ಒಂದೇ ಪಾನಾ, ಅಂದರೆ ಸ್ಪ್ಯಾನರು, ಸಾಕು. ಕೊನೆಯಲ್ಲಿ ಬಿಗಿಯಾದಂತೆಯೂ ಅನಿಸುತ್ತದೆ, ಆದರೆ ಒಳಗೆ ಎಳೆಗಳು ತುದಿಯಲ್ಲಷ್ಟೇ ಹಿಡಿದುಕೊಂಡಿರುತ್ತವೆ.

ಇನ್ನೊಂದು ಮಾತಿದೆ, ಖಾಜಾ — ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಮೊದಲ ಸುತ್ತಿನಲ್ಲೇ ನಟ್ಟು ಅಲ್ಲಾಡಿತು. ನನ್ನ ಬೆರಳಿಗೆ ಗೊತ್ತಾಯಿತು. ವಿಮಾನದಲ್ಲಿ ಹಾಗಾಗಿದ್ದರೆ ಕೆಲಸ ನಿಲ್ಲಿಸಿ, ನಾಲ್ಕು ಜನರನ್ನು ಕರೆದು ತೋರಿಸುತ್ತಿದ್ದೆ. ಇಲ್ಲಿ ಮಾತು ರಂಗೇರಿತ್ತು. ಕೇಳುವವರ ಬಾಯಿ ತೆರೆದಿತ್ತು. ನಾನು ಪಾನಾ ಹಾಕಿ ಮೈಭಾರ ಬಿಟ್ಟು ಬಿಗಿದೆ. ನೀನು ಇಫ್ತಾರಿಗೆ ಮಸೀದಿಯ ಕಡೆ ಹೊರಟವನು ಬಾಗಿಲಲ್ಲಿ ನಿಂತು, “ಎಲ್ಲಾ ಬಿಗಿ ಆಗ್ಯಾವಿಲ್ಲೋ?” ಎಂದೆ. “ಆಗ್ಯಾವ, ನೀ ಹೋಗು” ಎಂದೆ ನಾನು.

ಮರುದಿನ ಅಮಾವಾಸ್ಯೆ. ಮಲ್ಲಪ್ಪ ಭಕ್ತರನ್ನು ಘತ್ತರಗಿಯ ದೇವಿಯ ಗುಡಿಯಲ್ಲಿ ಇಳಿಸಿ ಖಾಲಿ ಜೀಪಿನಲ್ಲಿ ತಿರುಗಿ ಬರುತ್ತಿದ್ದ. ತಿರುವಿನಲ್ಲಿ ಎಡಗಾಲಿ ಕಳಚಿಕೊಂಡಿತು. ಜೀಪು ಮಗುಚಿ ಅವನ ಕಾಲು ಅಡಿಯಲ್ಲಿ ಸಿಕ್ಕಿತು. ಕಲಬುರಗಿಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಹೋಗುವಾಗಲೇ ಕಳಚಿದ್ದರೆ ಒಳಗೆ ಹೆಂಗಸರು ಮಕ್ಕಳು — ಅದನ್ನು ಯೋಚಿಸಲಾರೆ.

ಮಲ್ಲಪ್ಪನ ಅಣ್ಣ ಜನರನ್ನು ಕರೆದುಕೊಂಡು ಗ್ಯಾರೇಜಿಗೆ ಬಂದದ್ದು ನಿನಗೆ ನೆನಪಿದೆ. ದಾರಿಯಲ್ಲಿ ಸಿಕ್ಕ ನಟ್ಟೊಂದನ್ನು ನನ್ನ ಅಂಗೈಯಲ್ಲಿಟ್ಟು, “ವಿಮಾನದಾಗ ಕೆಲಸಾ ಮಾಡಿದವ್ರು ನೀವು, ನೀವs ಹೇಳ್ರಿ. ಇದು ಏನದ?” ಎಂದ. ನೋಡಿದ ಕೂಡಲೇ ಗೊತ್ತಾಯಿತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ನೀನೂ.

“ಇದು ಸೂತಿಂದ್ರಿ,” ಎಂದೆ. “ಸೂತಿನ ಡಬ್ಬಿ ಖಾಜಾಂದು.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಷ್ಟು ಹೇಳಿ ಸುಮ್ಮನಾದೆ, ಉಳಿದದ್ದನ್ನು ಜನರೇ ಕೂಡಿಸಿಕೊಂಡರು. ನಿನ್ನ ಮೇಲೆ ಯಾರೂ ಕೈ ಮಾಡಲಿಲ್ಲ. ಮಲ್ಲಪ್ಪನ ಅಣ್ಣ ನಿನ್ನ ಭುಜ ಹಿಡಿದು ಅತ್ತ. “ಉಪಾಸ ಇದ್ದು ಯಾಕ ಕೆಲಸಾ ಹಿಡದ್ರಿ ಖಾಜಾ ಭಾಯಿ?” ಎಂದ. ಹೊಡೆದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಇಲ್ಲ, ಈಗ ಹಾಗೆಂದುಕೊಳ್ಳುವುದು ಸುಲಭ.

ಎಲ್ಲರೂ ಹೋದ ಮೇಲೆ ನೀನು ನನ್ನೆದುರು ಕುಕ್ಕರಗಾಲಲ್ಲಿ ಕೂತೆ. “ರೇವಣ್ಯಾ, ನನಗ ನೆನಪಾಗವಲ್ದು. ಕಣ್ಣಿಗಿ ಕತ್ತಲಿ ಬರಾಕತ್ತಿತ್ತು. ಎಡಗಡಿ ಗಾಲಿ ನಾ ಹಾಕಿದ್ನೋ, ನೀ ಹಾಕಿದ್ಯೋ?” ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿದವನು ನೀನು, ನಿನಗೆ ಬೇಕಾಗಿದ್ದದ್ದು ನಿಜ ಮಾತ್ರ. ನಾನು ಹಾಕಿದ್ದೆಂದು ತಿಳಿದರೆ ನೀನು ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದೆ, ಅದೂ ಗೊತ್ತಿತ್ತು.

“ನೀನs ಹಾಕಿದೆಲ್ಲೋ,” ಎಂದೆ.

ಏಕೆ? ಹೆದರಿದ್ದೆನೇ — ಹೌದು, ಹೆದರಿದ್ದೆ. ಆದರೆ ಅದಕ್ಕಿಂತ ಕೀಳಾದದ್ದು ಒಂದಿತ್ತು. ನನ್ನ ಕೈ ತಪ್ಪುವುದಿಲ್ಲ ಎಂದಿದ್ದೆನಲ್ಲ, ಆ ಮಾತು ಬಿದ್ದುಹೋಗುವುದು ನನಗೆ ಬೇಡವಾಗಿತ್ತು. ಮನುಷ್ಯನೊಬ್ಬನ ಕಾಲು ಹೋಗಿತ್ತು, ನಾನು ನನ್ನ ವಾದ ಉಳಿಸಿಕೊಂಡೆ. ಅಷ್ಟೇ ವಿಷಯ.

ನೀನು ಗ್ಯಾರೇಜಿಗೆ ಬೀಗ ಹಾಕಿದೆ. ಮಲ್ಲಪ್ಪನ ಜೀಪು ರಿಪೇರಿಯಾಗಿ ಬಂದಾಗ ಅದನ್ನು ಓಡಿಸಲು ನೀನೇ ನಿಂತೆ. ಇಂದಿಗೂ ಆ ಜೀಪಿನ ಗಳಿಕೆ ಅವನ ಮನೆಗೆ ಹೋಗುತ್ತದೆ, ನೀನು ಹೊಟ್ಟೆಬಟ್ಟೆಗಷ್ಟು ಇಟ್ಟುಕೊಳ್ಳುತ್ತೀ. ಪ್ರತಿ ನಿಲ್ದಾಣದಲ್ಲೂ ನೀನು ಇಳಿದು, ಮಂಡಿಯೂರಿ, ಗಾಲಿಯ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದನ್ನು ನಾನು ದೂರದಿಂದ ಕಂಡಿದ್ದೇನೆ. ಗೊತ್ತಿಲ್ಲದವರು ಗಾಡಿಗೆ ನಮಸ್ಕಾರ ಮಾಡುತ್ತಿದ್ದೀ ಎಂದುಕೊಳ್ಳುತ್ತಾರೆ. ಆ ರಂಜಾನಿನ ರೋಜಾ ದೇವರಿಗೆ ಕಬೂಲ್ ಆಗಿಲ್ಲ, ಅವನು ಒಪ್ಪಿಕೊಂಡಿಲ್ಲವೆಂದು ನೀನು ನಿನ್ನ ಹೆಂಡತಿಗೆ ಹೇಳಿದ್ದು ಸುತ್ತಿ ಬಳಸಿ ನನ್ನ ಕಿವಿಗೂ ಬಿತ್ತು. ನಿನ್ನ ಕೈಯ ಮೇಲಿನ ನಂಬಿಕೆ ಮಾತ್ರವಲ್ಲ, ನಿನಗೂ ನಿನ್ನ ದೇವರಿಗೂ ನಡುವೆ ಇದ್ದದ್ದನ್ನೂ ನಾನು ಕೆಡಿಸಿದೆ.

ನಾನು ಆಳಂದಕ್ಕೆ ಬಂದೆ, ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ವಿಮಾನದ ಸರ್ ಆದೆ. ಬೀದರಿನ ವಾಯುನೆಲೆಯ ಕಡೆಯಿಂದ ಜೆಟ್ಟುಗಳು ಹಾದುಹೋದಾಗ ಹುಡುಗರು ಹೊರಗೆ ಓಡುತ್ತಾರೆ. “ಸರ್, ಅಮೆರಿಕಾದ್ದು ಚಲೋನೋ, ಯುರೋಪಿಂದೋ?” ಎಂದು ಕೇಳುತ್ತಾರೆ. ಉತ್ತರ ಹೇಳುತ್ತೇನೆ. ಹೇಳುತ್ತಿದ್ದಂತೆ ನೀನು ಹಿಂದೆ ಎಲ್ಲೋ ಕೂತು ಎದುರುಮಾತಿಗೆ ಬಾಯಿ ತೆರೆಯುತ್ತಿದ್ದೀ ಎನಿಸುತ್ತದೆ. ತಿರುಗಿ ನೋಡಿಯೂ ನೋಡಿದ್ದೇನೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಾಗ, ನಲ್ಲಿ ಕಟ್ಟುವಾಗ ಆ ಸಣ್ಣ ಅಲ್ಲಾಟ ಬೆರಳಿಗೆ ಬರುತ್ತದೆ. ಬಂದಾಗ ಕೈಯಲ್ಲಿದ್ದದ್ದನ್ನು ಕೆಳಗಿಟ್ಟುಬಿಡುತ್ತೇನೆ. ಹೆಂಡತಿ ನರದ ಡಾಕ್ಟರಿಗೆ ತೋರಿಸೋಣ ಎನ್ನುತ್ತಾಳೆ.

ಹೋದ ತಿಂಗಳು ಜೇವರ್ಗಿಯಲ್ಲಿ ನಿನ್ನ ಮಗಳ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಹೊರಡುವಾಗ ಅವಳ ಕಾರಿನ ಗಾಲಿ ಪಂಕ್ಚರ್ ಆಗಿತ್ತು. ಅವಳು ಪಾನಾ ತಂದು ನೇರ ನನ್ನ ಕೈಗೆ ಕೊಡಬಂದಳು. “ಅಬ್ಬಾಜಾನ್ ನಾ ಸಣ್ಣಾಕಿ ಇದ್ದಾಗಿಂದ ಪಾನಾ ಹಿಡದಿಲ್ರಿ ಚಾಚಾ,” ಎಂದಳು. ನೀನು ಅವಳ ಕೈಯಿಂದ ಪಾನಾ ಇಸಿದುಕೊಂಡೆ. ಒಂದು ಕ್ಷಣ ನೀನೇ ಬಗ್ಗುತ್ತೀಯೆಂದುಕೊಂಡೆ. ನೀನು ಅದನ್ನು ನನ್ನ ಕಡೆ ಚಾಚಿದೆ.

“ನೀ ಬಿಗಿ ಮಾಡಪಾ. ಮಗಳ ಗಾಡಿ ಅದ. ನಿನ್ನ ಕೈ ಮ್ಯಾಲ ನನಗ ಭರವಸಾ ಅದ.”

ನಾನು ಬಿಗಿದೆ. ನಿನ್ನ ಎದುರೇ ಕೂತು ಒಂದೊಂದು ನಟ್ಟನ್ನೂ ಬಿಗಿದೆ, ಮತ್ತು ಬಾಯಿ ಬಿಡಲಿಲ್ಲ. ಅಂದಿನ ಸುಳ್ಳಿಗೆ ಒಂದು ನಿಮಿಷದ ಹೆದರಿಕೆಯ ನೆಪವಾದರೂ ಇತ್ತು. ಇದಕ್ಕೆ ಏನೂ ಇರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ನೀನು ಗಳಿಕೆ ಕೊಡಲು ಮಲ್ಲಪ್ಪನ ಮನೆಗೆ ಹೋಗುತ್ತೀ. ಈ ಶುಕ್ರವಾರ ನಾನೂ ಅಲ್ಲಿರುತ್ತೇನೆ. ಇದು ಪತ್ರಿಕೆಯಲ್ಲಿ ಅಚ್ಚಾಗುವ ಮೊದಲು ನನ್ನ ಬಾಯಿಂದಲೇ ನೀವು ಕೇಳಬೇಕು — ನೀನು, ಮಲ್ಲಪ್ಪ, ಅವನ ಅಣ್ಣ. ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಜೀಪಿನ ಕೀಲಿ ಕೇಳುತ್ತೇನೆ. ಮಲ್ಲಪ್ಪ ಒಪ್ಪಿದರೆ ಇನ್ನು ಅದನ್ನು ಓಡಿಸುವವನು ನಾನು. ಒಪ್ಪದಿದ್ದರೆ ಅವನು ಏನು ಹೇಳುತ್ತಾನೋ ಅದು. ನೀನು ಮಾತ್ರ ಮನೆಗೆ ಹೋಗು, ಖಾಜಾ. ಹೋಗಿ ನಿನ್ನ ಹೆಂಡತಿಗೆ ಹೇಳು, ಆ ದಿನ ನಿನ್ನ ರೋಜಾದಲ್ಲಿ ಯಾವ ತಪ್ಪೂ ಇರಲಿಲ್ಲ.