ಗೋಣಿಚೀಲದ ಹಿಂದಿನ ಮುಖ

ಇವತ್ತು ಬೆಳಿಗ್ಗೆ ಚಂದಾಪುರದಲ್ಲಿ ಮಾವ ನನ್ನ ಕೈಗೊಂದು ಗೋಣಿಚೀಲ ಕೊಟ್ಟ. ಕಣ್ಣಿನ ಜಾಗಕ್ಕೆ ಎರಡು ತೂತು. ನೆನೆಸಿದ ಹುರುಳಿಯ ವಾಸನೆ, ಅದರಡಿಯಲ್ಲಿ ಕುದುರೆಯ ಬೆವರು. ಹತ್ತು ಹನ್ನೆರಡು ವರ್ಷಗಳ ಹಿಂದಿನ ಚೀಲವೇ ಇದು ಎನ್ನಲು ಆಸೆ. ಆದರೆ ಗೋಣಿಚೀಲಗಳೆಲ್ಲ ಒಂದೇ ಥರ ಇರುತ್ತವೆ, ನೀವೂ ಬಲ್ಲಿರಿ.

ಮಾವ ನನ್ನ ತಾಯಿಯ ತಮ್ಮ. ರಾಗಿ ಹೊಲದಲ್ಲಿ ಕಾರ್ಖಾನೆಯವರಿಗೆ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟವನು, ಹಿತ್ತಲನ್ನು ಮಾತ್ರ ಅರಬ್ಬಿ ಕುದುರೆಗಳಿಗೆ ಉಳಿಸಿಕೊಂಡ. ಕುದುರೆಗಳು ಎಂದದ್ದು ಅವನ ಗೌರವಕ್ಕೆ; ಇದ್ದದ್ದು ಗೌರಿ ಎಂಬ ಒಂದೇ ಹೆಣ್ಣು. ಅಗಲ ಹಣೆ, ಒಳಕ್ಕೆ ಬಾಗಿದ ಮುಖ, ಓಡುವಾಗ ಬಾವುಟದಂತೆ ಏಳುವ ಬಾಲ. ಬಾಡಿಗೆಯವರು ಸೆಲ್ಫಿಗೆ ಸಾಲು ನಿಲ್ಲುತ್ತಿದ್ದರು.

ಅವಳಿಗೆ ಗಂಡು ಹುಡುಕಲು ನಾವಿಬ್ಬರೂ ಊರೂರು ತಿರುಗಿದೆವು. ಮಾವನದೊಂದು ಕ್ರಮ: ಗಂಡಿನ ಮುಖಕ್ಕೆ ಚೀಲ ಇಳಿಬಿಟ್ಟು, ಜಲ್ಲಿಯ ಮೇಲೆ ನಡೆಸಿ, ಮೊದಲು ಕಾಲು ನೋಡುವುದು.

“ಏನಣ್ಣಾ, ನಮ್ ಕುದ್ರೆನ ಕಳ್ಳನ ಥರ ಮಾಡ್ಬಿಟ್ರಿ,” ಎಂದು ಒಬ್ಬ ಮಾಲೀಕ ನಕ್ಕ.

“ಮುಖ ಕಂಡ್ರೆ ಮನ್ಸು ಮರುಳಾಗ್ತದೆ ಕಣಪ್ಪ,” ಎಂದ ಮಾವ. “ಚೆಲುವು ಬೇಕು, ಇಲ್ದಿದ್ರೆ ಅರಬ್ಬಿ ಯಾಕೆ? ಬರೀ ಚೆಲುವೇ ಸಾಕು ಅಂದ್ರೆ ಗೋಡೆಗೊಂದು ಕ್ಯಾಲೆಂಡರ್ ತಗುಲಾಕ್ಕೊಂಡ್ರಾಯ್ತು.”

ಕೊನೆಗೆ ಆನೇಕಲ್ ಕಡೆಯ ಒಂದನ್ನು ಒಪ್ಪಿದ. ಎಷ್ಟು ದೂರ ಓಡಿದರೂ ಬೇಗ ಉಸಿರು ಹದಕ್ಕೆ ಬರುತ್ತಿದ್ದ ಕುದುರೆ.

ಆದರೆ ಗೌರಿಗೆ ಮಾವ ಚೀಲ ಹಾಕಲೇ ಇಲ್ಲ. ಆಗಲೇ ನಾನು ಎಚ್ಚರಿಸಿದ್ದೆ ಎಂದು ಬರೆಯಲು ಕೈ ತವಕಿಸುತ್ತದೆ, ನಂಬಬೇಡಿ. ನನಗೆ ಹೊಳೆದದ್ದು ಬಹಳ ತಡವಾಗಿ. ಅವಳ ಮಗಳು ಬೆಳ್ಳಿ ತಾಯಿಯ ಮುಖವನ್ನೇ ಹೊತ್ತು ಹುಟ್ಟಿ, ಬೆಳೆದು, ಪ್ರತಿ ಸವಾರಿಯಲ್ಲೂ ಅರ್ಧ ದಾರಿಗೆ ಕುಂಟತೊಡಗಿದ ಮೇಲೆ.

ಗೌರಿ ಈಗಿಲ್ಲ. ಅವಳ ವಂಶದಲ್ಲಿ ಉಳಿದಿರುವುದು ಬೆಳ್ಳಿ ಒಬ್ಬಳೇ. ಅವಳಿಂದ ಮರಿ ಪಡೆಯಬೇಕೇ, ಇಲ್ಲಿಗೇ ನಿಲ್ಲಿಸಬೇಕೇ ಎಂದು ಮಾವ ತಿಂಗಳುಗಳಿಂದ ಒದ್ದಾಡುತ್ತಿದ್ದ. ಅದಕ್ಕೇ ಇವತ್ತು ಈ ಚೀಲ.

“ನೀನೇ ಆಕು. ನಂಗೆ ಕೈ ಬರಾಕಿಲ್ಲ.”

ಹಾಕಿದೆ. ಮಾವ ಹಗ್ಗ ಹಿಡಿದು ನಡೆಸಿದ. ನಾನು ಕುಕ್ಕರುಗಾಲಲ್ಲಿ ಕೂತು ನೋಡಿದೆ. ಮುಖ ಮುಚ್ಚಿದ ಬೆಳ್ಳಿ ಯಾರದೋ ಮನೆಯ ಕುದುರೆಯಾಗಿದ್ದಳು.

“ಏನ್ ಕಂಡೆ ಅಳಿಯ? ಇದ್ದದ್ದು ಇದ್ದಂಗೆ ಯೋಳು.”

“ಮುಂದಿನ ಎಡಗಾಲು ಒಳಕ್ಕೆ ತಿರುಗ್ತದೆ ಮಾವ. ಹೆಜ್ಜೆಹೆಜ್ಜೆಗೂ.”

ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡ. “ಅವರಮ್ಮಂದೂ ಅಂಗೇ ಇತ್ತು. ಸಾಕು ಬಿಡು, ಇವ್ಳೇ ಕೊನೇವ್ಳು.”

ಚೀಲ ತೆಗೆದೆ. ಆ ಮುಖ ಹೊರಬಂತು. ಮಾವ ಅದನ್ನು ನೋಡಲಿಲ್ಲ. ಬಗ್ಗಿ ಎಡಗಾಲನ್ನು ಮೇಲಿನಿಂದ ಕೆಳಗೆ ಸವರುತ್ತಿದ್ದ. ಇಷ್ಟು ವರ್ಷ ನನ್ನ ನೆನಪಿನಲ್ಲಿ ಗೌರಿ ಬರೀ ಮುಖವಾಗಿದ್ದಳು. ಅವಳಿಗೂ ಕಾಲುಗಳಿದ್ದವು ಎಂಬುದು ಇವತ್ತು ನೆನಪಾಯಿತು.