ಕರಿಕಲ್ಲಿನ ವಯಸ್ಸು, ಮರಿಲಿಂಗಮ್ಮನ ವಯಸ್ಸು

ಬೆಳಗಿನ ಆರು ಗಂಟೆ. ಸುರಪುರದ ಪಶ್ಚಿಮಕ್ಕಿರುವ ಗುಡ್ಡದ ಬುಡದಲ್ಲಿ ಮರಿಲಿಂಗಮ್ಮ ಕಲ್ಲಿಗೆ ಸುತ್ತಿಗೆ ಬಡಿದು ಕಿವಿಗೊಡುತ್ತಾಳೆ. ಠಣ್ ಎಂದರೆ ಒಳಗೆ ಗಟ್ಟಿ. ದಬ್ ಎಂದರೆ ಮಳೆ ಬಿಸಿಲಿಗೆ ಸತ್ತ ಕಲ್ಲು. ಭೂವಿಜ್ಞಾನಿ ಭಗವಂತರಾಯರು ಕಾಲುವೆ ದಂಡೆಯ ಕರಿಬಂಡೆಯೊಂದರತ್ತ ಕೈ ತೋರಿಸುತ್ತಾರೆ.

"ಅದು ಬ್ಯಾಡ್ರಿ ಸಾಹೇಬ್ರ. ಇಲ್ಲಿ ಹುಟ್ಟಿದ್ದಲ್ಲ. ಕಾಲುವಿ ಕಟ್ಟುವಾಗ ಬ್ಯಾರೆ ಕಡಿಂದ ಲಾರ್ಯಾಗ ತಂದು ಸುರುವ್ಯಾರ. ನಾನೇ ಹೊತ್ತೀನಿ."

ಭಗವಂತರಾಯರು ಅವಳ ಹಿಂದೆ ಗುಡ್ಡ ಹತ್ತುತ್ತಾರೆ. ಈ ಸಾಲಿನ ಕರಿಕಲ್ಲು ಒಂದು ಕಾಲಕ್ಕೆ ಜ್ವಾಲಾಮುಖಿಯ ಲಾವಾ. ಅದನ್ನು ಪುಡಿ ಮಾಡಿ, ಸಾಸಿವೆಗಿಂತ ಸಣ್ಣ ಹರಳುಗಳನ್ನು ಆರಿಸಿ ಯಂತ್ರಕ್ಕೆ ಕೊಟ್ಟರೆ ವಯಸ್ಸು ತಿಳಿಯುತ್ತದೆ. ಗುಡ್ಡ ಎದ್ದ ಕತೆ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಹುಟ್ಟಿದ ಜಾಗ ತಪ್ಪಿದ ಒಂದೇ ಕಲ್ಲು ಸಾಕು, ಕತೆಯೆಲ್ಲ ಸುಳ್ಳಾಗಲು. ಹನ್ನೊಂದು ವರ್ಷದಿಂದ ಆ ತಪ್ಪು ಆಗದಂತೆ ಕಾಯುತ್ತಿರುವವಳು ಮರಿಲಿಂಗಮ್ಮ. ದಿನಕ್ಕೆ ನಾಲ್ಕು ಚೀಲ, ಒಂದೊಂದೂ ಹದಿನೈದು ಕಿಲೋ, ತಲೆಯ ಮೇಲೆ, ಜೀಪು ನಿಲ್ಲುವ ದಾರಿಯವರೆಗೆ. ವರದಿಗಳಲ್ಲಿ ಅವಳು "ಸ್ಥಳೀಯ ಸಹಾಯ".

ಈಗ ಕುತ್ತಿಗೆ ಎಡಕ್ಕೆ ಹೊರಳುವುದಿಲ್ಲ. ವೃದ್ಧಾಪ್ಯ ಪಿಂಚಣಿ ಸಿಕ್ಕರೆ ಚೀಲ ಇಳಿಸಬಹುದು. ಮೂರು ಸಲ ಅರ್ಜಿ ಕೊಟ್ಟಳು, ಮೂರು ಸಲವೂ ತಿರುಗಿ ಬಂತು. ಪಿಂಚಣಿಗೆ ಅರವತ್ತು ತುಂಬಿರಬೇಕು; ಆಧಾರ್ ಕಾರ್ಡಿನಲ್ಲಿ ಅವಳಿಗೆ ಐವತ್ತೆರಡು. ಯಾರೋ ಮುಖವನ್ನೂ ನೋಡದೆ ಅಂದಾಜಿಗೆ ಬರೆದದ್ದು.

"ಕಾಲುವಿ ತೋಡಿ ನಲವತ್ತೈದು ವರ್ಷ ಆತ್ರಿ. ಮಗನ್ನ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸಿ ಕಲ್ಲು ಹೊತ್ತೀನಿ. ಕಾರ್ಡಿನ ಪ್ರಕಾರ ಆಗ ನನಗ ಏಳು ವರ್ಷ. ಏಳು ವರ್ಷದಾಕಿ ಹ್ಯಾಂಗ ಹಡದ್ಳು ಅಂತ ಕೇಳ್ದೆ. ಆಫೀಸಿನಾಂವ, 'ದಾಖಲಿ ತಗೊಂಬಾ ಮುದುಕಿ' ಅಂದ." ಅವಳು ನಗುತ್ತಾಳೆ. "ಬಾಯಿಲೆ ಮುದುಕಿ ಅಂತಾನ, ಕಾಗದದಾಗ ಒಪ್ಪವಲ್ಲ."

ಅವಳು ಆರಿಸಿಕೊಟ್ಟ ಕಲ್ಲಿನ ಫಲಿತಾಂಶ ಕಳೆದ ತಿಂಗಳು ಬಂದಿದೆ: ಇನ್ನೂರ ಎಪ್ಪತ್ತು ಕೋಟಿ ವರ್ಷ.

"ಒಂದು ಕೋಟಿ ಆಚೀಚೆ," ಎನ್ನುತ್ತಾರೆ ಭಗವಂತರಾಯರು. "ಅಷ್ಟು ಫರಕು ನಮ್ಮ ಕೆಲಸದಾಗ ನಡೀತದವ್ವ. ಯಾರೂ ಕೇಳಂಗಿಲ್ಲ."

ಮರಿಲಿಂಗಮ್ಮ ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಚೀಲದ ಮುಂದೆ ಕೂರುತ್ತಾಳೆ.

"ಕಲ್ಲಿಗಿ ಒಂದು ಕೋಟಿ ನಡೀತದ. ನನಗ ಹತ್ತು ವರ್ಷ ನಡ್ಯಾಂಗಿಲ್ಲ. ಎತ್ರಿ ಸಾಹೇಬ್ರ, ಬಿಸಿಲಾತು."