ತುಳಸಿಯನ್ನು ಕೊಂಡು ತಂದ ತಪ್ಪು

ಮೊನ್ನೆ ಗಚ್ಚಿಬೌಲಿಯ ಗಿಡದಂಗಡಿಯಲ್ಲಿ ಒದ್ದೆ ತೆಂಗಿನ ನಾರಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಇದೇ ಊರಿನ ತಾರ್ನಾಕದಲ್ಲಿದ್ದ ನಮ್ಮ ಹಳೆಯ ಬಾಡಿಗೆ ಮನೆಯ ಮಾಳಿಗೆ ನೆನಪಾಯಿತು. ನಿವೃತ್ತನಾದ ಮೇಲೆ ಇಲ್ಲಿನ ಒಂಬತ್ತನೆಯ ಅಂತಸ್ತಿಗೆ ಬಂದಿದ್ದೇವೆ. ಬಾಲ್ಕನಿ ನಾಲ್ಕು ಹೆಜ್ಜೆ ಉದ್ದ. ನನ್ನ ಬುಟ್ಟಿಯಲ್ಲಿ ಮಾತ್ರ ನಾಲ್ಕು ಎಕರೆಗೆ ಸಾಲುವಷ್ಟು ಸಾಮಾನು. ಇದು ಹಳೆಯ ಚಟ.

ಆಗ ಮದುವೆಯಾದ ಹೊಸತು. ಹೆಂಡತಿ ಸುಮಂಗಲೆ ವಿಜಾಪುರದವಳು. ತೆಲುಗು ಬಾರದು, ಹಿಂದಿಗೆ ಸಂಕೋಚ. ನಾನು ಆಂಧ್ರ ಸರ್ಕಾರದ ಕಚೇರಿಗೆ ಹೋದರೆ ಸಂಜೆಯವರೆಗೆ ಅವಳು ಗೋಡೆಯ ಜೊತೆ ಮಾತಾಡಬೇಕು. ಅಷ್ಟರಲ್ಲಿ ಶ್ರಾವಣದ ಪಂಚಮಿ ಹತ್ತಿರ ಬಂತು. ಹಬ್ಬಕ್ಕೆ ತವರಿಗೆ ಹೋಗುವುದು ಸರಿಯೇ, ಆದರೆ ಅವಳು ಚಳಿಗಾಲದ ಶಾಲನ್ನೂ ಪೆಟ್ಟಿಗೆಗೆ ಹಾಕಿದ್ದನ್ನು ಕಂಡೆ. ಹೋದವಳು ಬರುವಳೋ ಇಲ್ಲವೋ! ಕೇಳುವ ಧೈರ್ಯವಾಗಲಿಲ್ಲ.

ಧೈರ್ಯವಿಲ್ಲದ ಗಂಡಸರು ಸಾಮಾನು ಕೊಳ್ಳುತ್ತಾರೆ. ತೋಟ ಮಾಡಿಕೊಟ್ಟರೆ ಅವಳ ಮನಸ್ಸು ಇಲ್ಲಿ ನಿಂತೀತೆಂದು ಸಲಿಕೆ, ಕುರ್ಪಿ, ಕತ್ತರಿ, ನೀರಿನ ಝಾರಿ, ಔಷಧ ಹೊಡೆಯುವ ಪಂಪು, ಎಂಟು ಕುಂಡ ತಂದು ಮಾಳಿಗೆಯ ಮೇಲೆ ಹರವಿದೆ. ಗಿಡ ಒಂದೇ ಒಂದು, ತುಳಸಿ.

“ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸೀರಲ್ರಿ!” ಎಂದು ನಕ್ಕಳು. ಆಮೇಲೆ ಮುಖ ಗಂಭೀರವಾಯಿತು. “ತುಳಸಿ ರೊಕ್ಕ ಕೊಟ್ಟು ತಂದೀರೇನು? ನಮ್ಮ ಮನ್ಯಾಗ ಹಂಗ ತರೂದಿಲ್ರಿ. ಮುತ್ತೈದಿ ಮನಿಗೆ ಹೋಗಿ ಬೇಡಿ ತಂದು ಹಚ್ಚಬೇಕು.”

“ಇಲ್ಲೆ ಯಾರ್ನ ಬೇಡ್ತಿ? ನಿನಗ ಯಾರೂ ಗೊತ್ತಿಲ್ಲ.”

ಮರುದಿನ ಭಾನುವಾರ. ಅವಳು ಕುಂಕುಮದ ಭರಣಿ ಹಿಡಿದು ಎದುರು ಮನೆಗೆ ನಡೆದೇಬಿಟ್ಟಳು. ಅದು ಲಕ್ಷ್ಮಮ್ಮ ಎಂಬ ತೆಲುಗಿನವರ ಮನೆ. ಅಂಗಳದ ತುಳಸಿಯನ್ನು ಬೆರಳಿನಿಂದ ತೋರಿಸಿ ಸೆರಗೊಡ್ಡಿ ನಿಂತದ್ದನ್ನು ಮಾಳಿಗೆಯಿಂದಲೇ ನೋಡಿದೆ. ಐದು ನಿಮಿಷದ ಕೆಲಸ. ಒಂದೂವರೆ ತಾಸಾದರೂ ಬರಲಿಲ್ಲ. ಬಂದಾಗ ಕೈತುಂಬ ತುಳಸಿ ಸಸಿ, ಕನಕಾಂಬರ, ಪುಂಡಿಸೊಪ್ಪಿನ ಗೋಂಗೂರ ಪಚ್ಚಡಿಯ ಬಟ್ಟಲು.

“ಆ ಅಮ್ಮಾರು ಭಾಳ ಮಾತಾಡ್ತಾರ್ರಿ.”

“ಯಾವ ಭಾಷಾದಾಗ?”

“ಅವರು ತೆಲುಗಿನ್ಯಾಗ, ನಾ ಕನ್ನಡದಾಗ.”

ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದೆಂದು ಮರುದಿನ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿಕೊಂಡು ಮತ್ತೆ ಹೋದಳು. ನಾನು ಕೊಂಡ ತುಳಸಿಗೂ ಪಾಪವೆಂದು ಮೂಲೆಯ ಕುಂಡ ಸಿಕ್ಕಿತು. ತವರಿಗೆ ಹೊರಡುವ ದಿನ ನೋಡುತ್ತೇನೆ, ಶಾಲು ಪೆಟ್ಟಿಗೆಯಿಂದ ಹೊರಬಂದು ಗೂಟಕ್ಕೆ ನೇತಾಡುತ್ತಿದೆ. “ಎಂಟು ದಿನಕ್ಕ ಬರ್ತೀನಿ, ಗಿಡಕ್ಕ ನೀರು ಹಾಕ್ರಿ,” ಅಂದಳು. ನನ್ನ ಕಣ್ಣು ತುಂಬಿ ಬಂತು. ಸಲಿಕೆ ಒರೆಸುವ ನೆಪ ಮಾಡಿದೆ.

ಇದೆಲ್ಲ ನೆನಪಾಗಿ ಮೊನ್ನೆ ಅಂಗಡಿಯ ತುಳಸಿಯಿಂದ ಕೈ ಹಿಂದೆಗೆದೆ. ಈ ಕಟ್ಟಡದಲ್ಲಿ ಸುಮಂಗಲೆಗೆ ಆಗಲೇ ಹತ್ತು ಗೆಳತಿಯರು. ಪೇಪರು ಹಿಡಿದು ಒಂಟಿಯಾಗಿ ಕೂರುವವನು ನಾನು. ಎದುರು ಬಾಗಿಲಿನವರ ಹೆಸರೂ ತಿಳಿಯದು.

“ಯಾರ ಮನ್ಯಾಗರ ತುಳಸಿ ಬೇಡಿ ತಾ,” ಎಂದು ಮನೆಗೆ ಬಂದು ಅವಳಿಗೆ ಹೇಳಿದೆ.

“ಈ ಸಲ ನೀವ ಹೋಗ್ರಿ.”

ಹೋಗಿ ಎದುರು ಬಾಗಿಲಿನ ಗಂಟೆ ಒತ್ತಿದೆ. ನನ್ನ ವಯಸ್ಸಿನವರೊಬ್ಬರು ಪೇಪರು ಹಿಡಿದುಕೊಂಡೇ ಬಾಗಿಲು ತೆರೆದರು. ಅವರ ಮನೆಯಲ್ಲಿ ತುಳಸಿ ಇರಲಿಲ್ಲ. ಊಟದ ಹೊತ್ತಿಗೆ ಸುಮಂಗಲೆ ಬಂದು ಕರೆಯುವವರೆಗೂ ನಾನು ಅಲ್ಲಿಂದ ಏಳಲಿಲ್ಲ.